ಯಂತ್ರದ ಪ್ರಶ್ನೆಗೆ ಮುನವಳ್ಳಿಯವರ ಟಿಪ್ಪಣಿ

ನನಗೆ ಬಂದ ಬಡ್ತಿಗಳ ಕತೆ ಹೇಳುತ್ತ ಕುಳಿತರೆ ನನಗೇ ಆಕಳಿಕೆ ಬರುತ್ತದೆ. ಸಹಾಯಕ ಪ್ರೋಗ್ರಾಮರ್ ಎಂದು ಸೇರಿದೆ. ಕೆಲವು ವರ್ಷಗಳಿಗೆ ‘ಸಹಾಯಕ’ ಹೋಯಿತು, ಮುಂದೆ ‘ಹಿರಿಯ’ ಬಂತು, ಅಷ್ಟರಲ್ಲಿ ತಲೆಗೂದಲೂ ಹಿರಿಯದಾಗಿತ್ತು. ಅದನ್ನು ಇಲ್ಲಿಗೇ ಬಿಡೋಣ. ಈಚೆಗೆ ನಮ್ಮ ಹಳೆಯ ಕಚೇರಿಗೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಲಕ್ಷ್ಮೀ ನಗರದ ನಮ್ಮ ಮನೆಗೆ ಬಂದಿದ್ದರು. ಚಹಾ ಕುಡಿಯುತ್ತ ಒಬ್ಬಳು ಕೇಳಿದಳು: “ಆಂಟಿ, ನಿಮ್ಮ ಟೈಮ್‌ನಾಗ ಕಾಮ್ ಅಂದ್ರ ಏನ್ ಇರ್ತಿತ್ತು? ನೆಟ್ ಸುದ್ಧಾ ಸ್ಲೋ ಇತ್ತಲ್ಲಾ?” ನೆಟ್ ನಿಧಾನವಾಗಿದ್ದರಿಂದ ನಾವೆಲ್ಲ ಕೈಕಟ್ಟಿ ಕುಳಿತಿದ್ದೆವು ಎಂದು ಆಕೆ ತಿಳಿದಂತಿತ್ತು. ನನಗೆ ಸಿಟ್ಟು ಬಂತು. ನನ್ನ ಸಿಟ್ಟು ಬೇಗ ಬರುತ್ತದೆ, ಬೇಗ ಹೋಗುತ್ತದೆ. ಈ ಬರಹದಲ್ಲೇ ಇನ್ನೂ ಒಂದೆರಡು ಸಲ ಬರಲಿದೆ. ಅಂದು ಅವಳಿಗೆ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದರಲ್ಲಿ ನನ್ನ ಜಾಣತನಕ್ಕಿಂತ ನನ್ನ ತಪ್ಪುಗಳೇ ಹೆಚ್ಚು.

ನಮ್ಮದು ನಾಗಪುರದ ಒಂದು ಕೇಂದ್ರ ಸರಕಾರಿ ಕಚೇರಿ. ಇಡೀ ಕಟ್ಟಡದಲ್ಲಿ ಕನ್ನಡಿಗರು ಮೂವರು, ಕನ್ನಡವೂ ಮೂರು. ಒಂದು ಧಾರವಾಡದ ನನ್ನದು. ಕುಲಕರ್ಣಿ ಎಂಬ ಅಡ್ಡಹೆಸರು ನೋಡಿ ಎಲ್ಲರೂ ನನ್ನೊಂದಿಗೆ ಮರಾಠಿಯಲ್ಲೇ ಮಾತು ತೆಗೆಯುತ್ತಿದ್ದರು. ಇನ್ನೊಂದು ನಮ್ಮ ಉಪನಿರ್ದೇಶಕರಾದ ಚಂದ್ರಶೇಖರಯ್ಯನವರದು, ಮೈಸೂರು ಕಡೆಯ ನಯವಾದ ಕನ್ನಡ. ಅವರನ್ನು ನಾವು ಸಾಹೇಬರು ಎನ್ನುತ್ತಿದ್ದೆವು. ಮೂರನೆಯದು ಆಡಳಿತ ಶಾಖೆಯ ಹೆಡ್ ಕ್ಲಾರ್ಕ್ ಈರಪ್ಪ ಮುನವಳ್ಳಿಯವರದು. ಮೂಲ ಸವದತ್ತಿ ಕಡೆ, ತಂದೆ ಇಲ್ಲಿನ ಮದ್ದುಗುಂಡಿನ ಆರ್ಡನನ್ಸ್ ಕಾರ್ಖಾನೆಗೆ ಬಂದು ನೆಲೆಸಿದವರು. ಇಪ್ಪತ್ತೆಂಟು ವರ್ಷದಿಂದ ಒಂದೇ ಶಾಖೆ, ಕಿಟಕಿಯ ಪಕ್ಕದ ಒಂದೇ ಕುರ್ಚಿ. ನಿವೃತ್ತಿಗೆ ಇನ್ನು ಎರಡು ವರ್ಷವಿತ್ತು. ನನ್ನ ಒಂದು ತಮಾಷೆಯಿಂದ ಆ ಕುರ್ಚಿಗೆ ಕುತ್ತು ಬಂದ ಕತೆ ಇದು.

ಎರಡು ಸಾವಿರದ ಆಚೀಚಿನ ಮಾತು. ಕಚೇರಿಗೆ ಹದಿನೆಂಟು ಹೊಸ ಗಣಕಯಂತ್ರಗಳು ಬಂದವು, ಬರೀ ಯಂತ್ರಗಳು. ಒಳಗೆ ಏನೂ ಇರಲಿಲ್ಲ. ಜೊತೆಗೆ ಮುಖ್ಯ ಕಚೇರಿಯ ಒಂದು ಪತ್ರ: ಇವುಗಳಲ್ಲಿ ಲಿನಕ್ಸ್ ಹಾಕಿಕೊಳ್ಳತಕ್ಕದ್ದು. ಲಿನಕ್ಸ್ ಎಂದರೆ ಯಾರೊಬ್ಬರ ಸ್ವತ್ತೂ ಅಲ್ಲದ ವ್ಯವಸ್ಥೆ. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು. ನನಗೆ ಹಬ್ಬವಾಯಿತು. ಉಳಿದವರಿಗೆ ಸೂತಕ. ಏಕೆಂದರೆ ಆಗಿನ ಲಿನಕ್ಸಿನಲ್ಲಿ ಒಂದು ತಂತ್ರಾಂಶ ಹಾಕುವುದೆಂದರೆ ಮದುವೆ ಮಾಡಿದಷ್ಟು ಕೆಲಸ. ಪತ್ರ ಬರೆಯುವ ತಂತ್ರಾಂಶ ಹಾಕಲು ಹೋದರೆ ಅದು, ಮೊದಲು ಇನ್ನೊಂದು ಬೇಕು ಎನ್ನುತ್ತಿತ್ತು. ಆ ಇನ್ನೊಂದನ್ನು ಹುಡುಕಿ ತಂದರೆ ಅದಕ್ಕೆ ಮತ್ತೊಂದು ಬೇಕು, ಅದೂ ಹಳೆಯ ಆವೃತ್ತಿಯೇ ಬೇಕು. ಹದಿನೆಂಟು ಯಂತ್ರಗಳಿಗೆ ನಾನೊಬ್ಬಳು. ಮೂರು ಮಹಡಿ ಹತ್ತಿ ಇಳಿದು ಒಂದು ಜೊತೆ ಚಪ್ಪಲಿ ಸವೆಸಿದೆ.

ಆಮೇಲೆ ಒಂದು ಉಪಾಯ ಹೊಳೆಯಿತು. ಯಾವ ಯಾವ ಆಜ್ಞೆಗಳನ್ನು ಟೈಪು ಮಾಡಬೇಕು ಎಂದು ಸಾಲಾಗಿ ಬರೆದು, ನಕಲು ತೆಗೆಸಿ, ಎಲ್ಲ ಶಾಖೆಗಳಿಗೂ ಹಂಚಿದೆ. ಎರಡು ಮಗ್ಗುಲಿನ ಒಂದು ಹಾಳೆ. ನಮ್ಮ ಟೈಪಿಸ್ಟ್ ಮೇಶ್ರಾಮ್ ಬಾಯಿಯವರಿಗೆ ಟೈಪಿಂಗಿನಲ್ಲಿ ನಾಗಪುರದಲ್ಲೇ ಸಾಟಿಯಿರಲಿಲ್ಲ. ಕೈಬರಹದ ಕರಡಿನಲ್ಲಿ ಇದ್ದದ್ದನ್ನು ಅಕ್ಷರ ಬಿಡದೆ ಟೈಪು ಮಾಡುವುದು ಅವರ ಧರ್ಮ. ಅವರು ನನ್ನ ಆಜ್ಞೆಗಳನ್ನೆಲ್ಲ ಸರಿಯಾಗಿಯೇ ಹೊಡೆದರು. ಕೊನೆಗೆ ಹಾಳೆಯ ಕೆಳಗೆ ನಾನು ಬರೆದಿದ್ದ ‘ಪಿ.ಟಿ.ಓ.’ ಎಂಬುದನ್ನೂ ಹೊಡೆದರು. ಅಂಥ ಆಜ್ಞೆಯೇ ನನಗೆ ಗೊತ್ತಿಲ್ಲ ಎಂದಿತು ಯಂತ್ರ. ಮೇಶ್ರಾಮ್ ಬಾಯಿ ನನ್ನನ್ನು ಕರೆಸಿ, “ಮ್ಯಾಡಮ್, ತುಮಚ್ಯಾ ಮಶೀನ್‌ಲಾ ಪಿ.ಟಿ.ಓ. ಸುದ್ಧಾ ಕಳತ ನಾಹೀ” ಎಂದು ಮುಖ ಗಂಟಿಕ್ಕಿದರು. ಹಾಳೆ ತಿರುಗಿಸು ಎಂದರೆ ಚಪರಾಸಿಗೂ ತಿಳಿಯುತ್ತದೆ, ಇಷ್ಟೆಲ್ಲ ಬೆಲೆಯ ಯಂತ್ರಕ್ಕೆ ತಿಳಿಯುವುದಿಲ್ಲವಲ್ಲ ಎಂಬುದು ಅವರ ದೂರು. ಅದನ್ನು ಹೇಳಿ ಹೇಳಿ ನಾನು ಒಂದು ವಾರ ನಕ್ಕೆ. ನಗುವುದರಲ್ಲಿ ಆಗ ನಾನು ಮುಂದು.

ದಾರಿ ತೋರಿಸಿದ್ದು ಇತವಾರಿ ಪೇಟೆಯ ಒಬ್ಬ ಅಂಗಡಿಯವ. ಮನೆಯ ನಲ್ಲಿ ಸೋರುತ್ತಿತ್ತು. ನಮ್ಮವರು ಬ್ಯಾಂಕಿನ ತಪಾಸಣೆಗೆಂದು ಊರು ಬಿಟ್ಟಿದ್ದರು. ಕೈಗಾಡಿ, ಟೆಂಪೋಗಳ ನಡುವೆ ನುಸುಳಿಕೊಂಡು ಹಾರ್ಡ್‌ವೇರ್ ಸಾಲಿಗೆ ಹೋಗಿ, ಒಂದು ನಲ್ಲಿ ಕೊಡಿ ಎಂದೆ. ಮುದುಕ ಹಿಂದಿಯಲ್ಲಿ ಎರಡೇ ಪ್ರಶ್ನೆ ಕೇಳಿದ: ಗೋಡೆಯೊಳಗಿನ ಪೈಪೋ, ಹೊರಗಿನದೋ? ಮನೆ ಹಳೆಯದೋ, ಹೊಸದೋ? ಹೇಳಿದೆ. ನಲ್ಲಿಯ ಜೊತೆ ಒಂದು ಸಣ್ಣ ಪೈಪಿನ ತುಂಡು, ಎರಡು ವಾಷರು, ಬಿಳಿ ಟೇಪಿನ ಸುರುಳಿ ಎಲ್ಲವನ್ನೂ ಒಂದೇ ಹಳೆಯ ಪೇಪರಿನಲ್ಲಿ ಸುತ್ತಿ ದಾರ ಕಟ್ಟಿದ. ನಾನು ಕೇಳಿದ್ದು ನಲ್ಲಿ ಮಾತ್ರ ಎಂದೆ. ಆತ ತಲೆ ಎತ್ತದೆ, “ಬಾಯೀ, ಅಕೇಲಾ ನಲ್ ಲೇ ಜಾಓಗೀ ತೋ ಚಾರ್ ಬಾರ್ ವಾಪಸ್ ಆಓಗೀ” ಎಂದ. ಒಂಟಿ ನಲ್ಲಿ ಒಯ್ದರೆ ನಾಲ್ಕು ಸಲ ತಿರುಗಿ ಬರುತ್ತೀಯೆ. ನಿಜ ಹೇಳುತ್ತೇನೆ, ಪೊಟ್ಟಣ ಹಿಡಿದುಕೊಂಡು ನಾನು ಆ ಗದ್ದಲದಲ್ಲೇ ನಿಂತುಬಿಟ್ಟೆ. ಹಿಂದಿನ ಕೈಗಾಡಿಯವನು ಬೈದ ಮೇಲೆ ಪಕ್ಕಕ್ಕೆ ಸರಿದೆ.

ಮರುದಿನದಿಂದಲೇ ಕೆಲಸಕ್ಕೆ ಕುಳಿತೆ. ಲಿನಕ್ಸನ್ನೂ, ಕಚೇರಿಗೆ ಬೇಕಾದ ಪ್ರತಿಯೊಂದು ತಂತ್ರಾಂಶವನ್ನೂ, ಅದು ಬೇಡುವ ಎಲ್ಲ ಬಿಡಿಭಾಗಗಳನ್ನೂ ಒಂದೇ ಸಿಡಿಯಲ್ಲಿ ಕಟ್ಟುವುದು. ಸಿಡಿ ಹಾಕಿದರೆ ಎಲ್ಲವೂ ತಾನಾಗಿ ಸಾಲಾಗಿ ಕೂರಬೇಕು. ನಾಲ್ಕು ತಿಂಗಳು ಹಿಡಿಯಿತು. ಜಗತ್ತಿನ ಬೇರೆ ಕಡೆಗಳಲ್ಲಿ ನನಗಿಂತ ಬುದ್ಧಿವಂತರು ಇದನ್ನೇ ಚೆನ್ನಾಗಿ ಮಾಡುತ್ತಿದ್ದರೆಂದು ಆಮೇಲೆ ತಿಳಿಯಿತು. ನನಗೆ ಸಿಕ್ಕ ಗುರು ಮಾತ್ರ ಇತವಾರಿಯವ.

ಮೊದಲ ಸಿಡಿಯನ್ನು, ಹದಿನೆಂಟರಲ್ಲಿ ಒಂದು ಯಂತ್ರ ಹೋಗಿದ್ದ ಹಿಂಗಣಾದ ನಮ್ಮ ದಾಖಲೆ ಗೋದಾಮಿಗೆ ಅಂಚೆಯಲ್ಲಿ ಕಳಿಸಿದೆ. ಊರಾಚೆಯ ಕಾರ್ಖಾನೆಗಳ ನಡುವೆ ಒಂದು ತಗಡಿನ ಮಾಡು, ಅದರೊಳಗೆ ಮೂವತ್ತು ವರ್ಷದ ಕಡತಗಳು, ಅವುಗಳನ್ನು ಕಾಯುವ ಇಬ್ಬರು ಮನುಷ್ಯರು. ಸಿಡಿ ನಡೆಯುವುದಿಲ್ಲ ಎಂದು ಅಲ್ಲಿಂದ ಪತ್ರ ಬಂತು. ಇನ್ನೊಂದು ಕಳಿಸಿದೆ. ಅದೂ ನಡೆಯುವುದಿಲ್ಲ. ಮೇ ತಿಂಗಳ ನಾಗಪುರದ ಬಿಸಿಲಲ್ಲಿ, ಕಾರ್ಖಾನೆಯ ಪಾಳಿಯವರಿಂದ ಕಿಕ್ಕಿರಿದ ಬಸ್ಸಿನಲ್ಲಿ ಬೈದುಕೊಳ್ಳುತ್ತ ಹೋದೆ. ನೋಡಿದರೆ ಎರಡೂ ಸಿಡಿಗಳ, ಯಂತ್ರ ಓದುವ ಹೊಳೆಯುವ ಮಗ್ಗುಲಿಗೆ ‘ಆವಕ’ ಎಂಬ ಮೊಹರು, ತಾರೀಕು, ಸಣ್ಣ ಸಹಿ. ಬಂದ ಟಪಾಲಿಗೆ ಮೊಹರು ಒತ್ತದೆ ಒಳಗೆ ಬಿಡುವಂತಿಲ್ಲ. ಇನ್ನೊಂದು ಮಗ್ಗುಲಿನಲ್ಲಿ ನಾನು ಬರೆದದ್ದೇ ತುಂಬಿತ್ತು, ಈ ಕಡೆ ಎಲ್ಲ ಖಾಲಿ ಕಂಡಿತು, ಒತ್ತಿದೆವು ಎಂದರು ಅಲ್ಲಿನ ಗುಮಾಸ್ತರು. ಸ್ಪಿರಿಟ್ ತರಿಸಿ ಒರೆಸಿದೆ. ಮುಂದಿನ ಸಿಡಿಗಳ ಮೇಲ್ಮಗ್ಗುಲಿನಲ್ಲಿ ಒಂದು ಚೌಕ ಗೆರೆ ಎಳೆದು ‘ಮೊಹರಿನ ಜಾಗ’ ಎಂದು ಬರೆದೆ. ಆಮೇಲೆ ಒಂದು ಸಿಡಿಯೂ ಕೆಡಲಿಲ್ಲ. ಪ್ರತಿಯೊಂದಕ್ಕೂ ಚೌಕದ ನಟ್ಟನಡುವೆ ಮೊಹರು ಬೀಳುತ್ತಿತ್ತು. ಜನರನ್ನು ತಿದ್ದುವುದಕ್ಕಿಂತ ಚೌಕ ಎಳೆಯುವುದು ಸುಲಭ ಎಂದು ಅಂದೇ ನಾನು ಕಲಿಯಬಹುದಿತ್ತು. ಕಲಿಯಲಿಲ್ಲ.

ಇನ್ನು ಮುನವಳ್ಳಿಯವರ ಸರದಿ. ಅವರ ಶಾಖೆಗೂ ಒಂದು ಯಂತ್ರ, ಒಂದು ಸಿಡಿ ಕೊಟ್ಟು, “ಕಾಕಾ, ಹಾಕಿ ಬಿಡ್ರಿ, ತಾನಾಗೇ ಆಗ್ತದ” ಎಂದು ಹೇಳಿ ಬಂದಿದ್ದೆ. ನಾಲ್ಕನೆಯ ದಿನ ಹೋಗಿ ನೋಡುತ್ತೇನೆ, ಯಂತ್ರ ಮೊದಲ ಪರದೆಯಲ್ಲೇ ನಿಂತಿದೆ. ಕೀಲಿಮಣೆಯ ಮೇಲೆ ಒಂದು ಚೀಟಿ: ‘ಪ್ರಶ್ನೆ ವಿಚಾರಣೆಯಲ್ಲಿದೆ, ಮುಟ್ಟಬಾರದು.’ ಯಂತ್ರಕ್ಕೆ ಬಿಸಿಯಾದೀತೆಂದು ಶಾಖೆಗಿದ್ದ ಒಂದೇ ಕೂಲರನ್ನು ಅದರ ಕಡೆ ತಿರುಗಿಸಿ, ಜನ ಬೆವರುತ್ತ ಕುಳಿತಿದ್ದರು. ಪರದೆಯ ಮೇಲೆ ಇದ್ದದ್ದು ಇಷ್ಟೇ: ‘ಮುಂದುವರಿಯಬೇಕೆ?’ ಹೌದು ಅಥವಾ ಇಲ್ಲ.

ಮುನವಳ್ಳಿಯವರು ಅದಕ್ಕೆ ಒಂದು ಕಡತ ತೆರೆದಿದ್ದರು. ಅವರ ಟಿಪ್ಪಣಿ ಕಚೇರಿಯ ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಹೇಳುವುದಾದರೆ: ‘ಸದರಿ ಯಂತ್ರವು ಮುಂದುವರಿಯಬೇಕೆ ಎಂದು ವಿಚಾರಿಸಿದೆ. ಮುಂದುವರಿದರೆ ಏನಾಗುವುದೆಂದು ತಿಳಿಸಿಲ್ಲ. ಆದೇಶಕ್ಕಾಗಿ ಮಂಡಿಸಲಾಗಿದೆ.’ ಅದರ ಕೆಳಗೆ ಶಾಖಾಧಿಕಾರಿಗಳು ‘ಮೇಲಿನಂತೆ’ ಎಂದು ಸಹಿ ಹಾಕಿದ್ದರು. ಸಾಹೇಬರು ಪ್ರವಾಸದಲ್ಲಿದ್ದರು. ಹಾಗಾಗಿ ಕಡತ ಅವರ ಮೇಜಿನ ಮೇಲೆ, ಯಂತ್ರ ಇಲ್ಲಿ, ಎರಡೂ ಕಾಯುತ್ತಿದ್ದವು.

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಷ್ಟಕ್ಕೇ ಬಿಡಬಹುದಿತ್ತು. ಸಾಹೇಬರು ಮರಳಿದ ಮೇಲೆ ತಿಂಗಳ ಸಭೆಯಲ್ಲಿ, ಎಲ್ಲ ಶಾಖಾಧಿಕಾರಿಗಳ ಎದುರು, ಕಾಕಾ ಕನ್ನಡಕ ಮೂಗಿನ ತುದಿಗೆ ಇಳಿಸಿ ಟಿಪ್ಪಣಿ ಬರೆಯುವುದನ್ನು ಅಭಿನಯಿಸಿ ತೋರಿಸಿದೆ. ಸಭೆಯೆಲ್ಲ ನಕ್ಕಿತು. ಸಾಹೇಬರೂ ನಕ್ಕರು, ಆದರೆ ಎಲ್ಲರಿಗಿಂತ ಮೊದಲೇ ನಗು ನಿಲ್ಲಿಸಿದರು. ಎಷ್ಟು ಯಂತ್ರಗಳು ನಡೆಯುತ್ತಿವೆ ಎಂದು ಮುಖ್ಯ ಕಚೇರಿಯಿಂದ ಅವರಿಗೆ ವಾರಕ್ಕೊಂದು ಪತ್ರ ಬರುತ್ತಿತ್ತು. ಎರಡು ದಿನದ ಮೇಲೆ ಆದೇಶ ಹೊರಟಿತು: ಶ್ರೀ ಮುನವಳ್ಳಿ ಇವರನ್ನು ಮುಂದಿನ ತಿಂಗಳ ಒಂದನೆಯ ತಾರೀಕಿನಿಂದ ಹಿಂಗಣಾ ದಾಖಲೆ ಗೋದಾಮಿಗೆ ನೇಮಿಸಲಾಗಿದೆ. ಗಣಕಯಂತ್ರ ಬಲ್ಲ ಒಬ್ಬ ತರುಣ ಅವರ ಜಾಗಕ್ಕೆ.

ಆದೇಶದ ಪ್ರತಿ ನನ್ನ ಮೇಜಿಗೂ ಬಂತು. ಅವರ ಶಾಖೆಗೆ ಹೋದೆ. ಕಾಕಾ ಮೇಜಿನ ಖಾನೆ ಖಾಲಿ ಮಾಡುತ್ತಿದ್ದರು. ಗುಂಡುಸೂಜಿಯ ಟಾಚಣಿ ಡಬ್ಬಿ, ಒದ್ದೆ ಸ್ಪಂಜಿನ ಬಟ್ಟಲು, ಕಡತ ಕಟ್ಟುವ ಲೇಸಿನ ಒಂದು ಉಂಡೆ. ನನ್ನನ್ನು ನೋಡಿ ಕುರ್ಚಿ ಸರಿಸಿದರು.

“ಕುಂದರ್ರಿ ಮೇಡಮ್. ನೀವು ನಕ್ಕಿದ್ದಕ್ಕ ನನಗೇನ್ ಬ್ಯಾಸರಿಲ್ಲ. ನಗೂವಂಥಾದ್ದ ಐತಿ ಖರೆ. ಆದ್ರ ಒಂದ್ ಮಾತ್ ಹೇಳ್ರಿ, ನಾ ಬರದಿದ್ದರಾಗ ಚೂಕ್ ಏನೈತಿ? ಮುಂದುವರದ್ರ ಏನಾಕ್ಕೈತಿ ಅಂತ ಮಶೀನ್ ಹೇಳಿತ್ತೇನ್ರಿ?”

ಹೇಳಿರಲಿಲ್ಲ. ಆ ಪ್ರಶ್ನೆ ಬರೆದವಳು ನಾನೇ. ಬರೆಯುವಾಗ ಅದಕ್ಕೊಂದು ಅರ್ಥ ಇರಬೇಕೆಂದು ನನಗೆ ತೋಚಿರಲಿಲ್ಲ.

“ಇಪ್ಪತ್ತೆಂಟ ವರ್ಷದಾಗ ಗೊತ್ತಿಲ್ಲದ ಕಾಗದಕ್ಕ ಸಹಿ ಹಾಕಿಲ್ರಿ ನಾ,” ಎಂದರು ಕಾಕಾ. “ಈಗ ಅದಕ್ಕ ಹಿಂಗಣಾ. ಇರ್ಲಿ ಬಿಡ್ರಿ. ಎರಡ ವರ್ಷ, ಇಲಿ ಎಣಿಸ್ಕೋತ ಕುಂದ್ರತೀನಿ.” ನಗಲು ನೋಡಿದರು. ಕೈಯಲ್ಲಿದ್ದ ಲೇಸಿನ ಉಂಡೆ ಬಿಚ್ಚಿ ಮತ್ತೆ ಸುತ್ತತೊಡಗಿದರು. ನನಗೆ ಅಳು ಬಂತು, ಆಮೇಲೆ ನನ್ನ ಮೇಲೇ ಸಿಟ್ಟು ಬಂತು.

ನೇರ ಸಾಹೇಬರ ಕೋಣೆಗೆ ಹೋಗಿ, ತಪ್ಪು ನನ್ನದು ಎಂದೆ. ಸಾಹೇಬರು ಕುರ್ಚಿಗೆ ಒರಗಿದರು. “ಏನಮ್ಮಾ ಇದು, ನಗಿಸೋವ್ರೂ ನೀವೇ, ಅಳೋವ್ರೂ ನೀವೇ. ಆರ್ಡರ್ ಹೋಗಿಯಾಯ್ತಲ್ಲ.” ಪೆನ್ನು ಉರುಳಿಸುತ್ತ ಹೇಳಿದರು: “ಸರಿ, ಒಂದು ಮಾಡೋಣ. ತಿಂಗಳ ಕೊನೇ ದಿನ ಮುನವಳ್ಳಿಯವರು ಒಬ್ಬರೇ ಕೂತ್ಕೊಂಡು ಒಂದು ಯಂತ್ರ ಪೂರ್ತಿ ಸಿದ್ಧ ಮಾಡ್ಲಿ. ನೀವು ಹೊರಗಿರಬೇಕು. ಊಟದ ಹೊತ್ತಿನೊಳಗೆ ಆ ಯಂತ್ರದಿಂದ ಒಂದು ಪತ್ರ ಪ್ರಿಂಟಾಗಿ ನನ್ನ ಕೈಗೆ ಬಂದ್ರೆ ಆರ್ಡರ್ ವಾಪಸ್. ಇಲ್ದಿದ್ರೆ ಮಾರನೇ ದಿನ ಅವರು ಹಿಂಗಣಾ ಬಸ್ ಹತ್ತಬೇಕಾಗತ್ತೆ.”

ಇಪ್ಪತ್ತು ದಿನ ಉಳಿದಿತ್ತು. ಕಾಕಾಗೆ ಯಂತ್ರ ಕಲಿಸಲು ಹೋದವಳು ನಾನು. ಮೊದಲ ದಿನವೇ ಪಾಠ ತಿರುವುಮುರುವಾಯಿತು. ಕ್ಯಾಂಟೀನಿನಲ್ಲಿ ತರ್ರಿ ಪೋಹೆ ಎಂಬ ಖಾರದ ರಸದ ಅವಲಕ್ಕಿಯ ತಟ್ಟೆ ಎದುರಿಟ್ಟುಕೊಂಡು ನನ್ನ ಸಿಡಿ ಕೇಳುವ ಪ್ರಶ್ನೆಗಳನ್ನು ಒಂದೊಂದಾಗಿ ಓದಿದೆ. ನಲವತ್ತೊಂದು ಇದ್ದವು. ಕಾಕಾ ಪ್ರತಿಯೊಂದಕ್ಕೂ ಒಂದೇ ಮರುಪ್ರಶ್ನೆ ಹಾಕಿದರು: “ಇದಕ್ಕ ಹೂಂ ಅನ್ನೂ ಅಧಿಕಾರ ಯಾರಿಗೈತಿ?” ಕೀಲಿಮಣೆ ಯಾವ ದೇಶದ್ದು? “ಅದನ್ನ ನನಗ್ಯಾಕ ಕೇಳ್ತೈತಿ, ತನ್ನ ಕೈಯಾಗ ಐತಲ್ಲ.” ಡಿಸ್ಕನ್ನು ಎಷ್ಟು ಪಾಲು ಮಾಡಬೇಕು? “ಪಾಲ ಮಾಡಾಕ ನಾ ಏನ್ ಅದರ ವಾರಸದಾರನ?”

ಗಡಿಯಾರದ ಪ್ರಶ್ನೆಗೆ ಬಂದಾಗ ಒಂದು ದೊಡ್ಡ ವಾದವೇ ಆಯಿತು. ಊರು ಆರಿಸಿ ಎನ್ನುವ ಆ ಪಟ್ಟಿಯಲ್ಲಿ ನಮ್ಮ ದೇಶಕ್ಕೆ ಇದ್ದದ್ದು ಕಲ್ಕತ್ತಾ ಒಂದೇ. ನಾವೆಲ್ಲ ಕಣ್ಣು ಮುಚ್ಚಿ ಅದನ್ನೇ ಒತ್ತುತ್ತಿದ್ದೆವು.

“ನಾ ಒತ್ತಾಂಗಿಲ್ರಿ,” ಎಂದರು ಕಾಕಾ. “ಆಫೀಸ್ ಇರೂದು ನಾಗಪುರದಾಗ. ಸರಕಾರಿ ಮಶೀನಿನ್ಯಾಗ ಕಲ್ಕತ್ತಾ ಅಂತ ಬರದ್ರ ಖೊಟ್ಟಿ ಮಾಹಿತಿ ಕೊಟ್ಟಂಗ. ನಾಳೆ ಆಡಿಟ್‌ನವ್ರು ಕೇಳಿದ್ರ?”

“ಕಾಕಾ, ಟೈಮ್ ಎರಡೂ ಕಡೆ ಒಂದೇ ಅದ.”

“ಟೈಮ್ ಒಂದ ಇದ್ರ ಟೈಮ್ ಕೇಳ್ಲಿ. ಊರ್ ಯಾಕ ಕೇಳ್ಬೇಕು?”

ನಾನು ತಲೆ ಚಚ್ಚಿಕೊಂಡೆ. ಆಮೇಲೆ ಯೋಚಿಸಿದರೆ, ಹದಿನೆಂಟೂ ಯಂತ್ರಗಳು ನಾಗಪುರದಲ್ಲೇ ಇರುವಾಗ ಆ ಪ್ರಶ್ನೆ ಕೇಳುವ ಅಗತ್ಯವೇ ಇರಲಿಲ್ಲ. ತೆಗೆದುಹಾಕಿದೆ. ಹೀಗೆಯೇ ಒಂದೊಂದಾಗಿ ಉದುರಿದವು. ಕುರ್ಚಿಯಲ್ಲಿ ಕುಳಿತವನಿಗೆ ಉತ್ತರ ಗೊತ್ತಿರಲು ಸಾಧ್ಯವಿಲ್ಲದ ಪ್ರಶ್ನೆಗೆ ಯಂತ್ರವೇ ಉತ್ತರ ಕೊಟ್ಟುಕೊಳ್ಳಬೇಕು. ಕೇಳಲೇಬೇಕಾದದ್ದನ್ನು ಕೇಳುವಾಗ, ಹೌದು ಎಂದರೆ ಏನಾಗುತ್ತದೆ, ಆಮೇಲೆ ಹಿಂದಕ್ಕೆ ತರಬಹುದೋ ಇಲ್ಲವೋ ಎಂಬುದನ್ನು ಒಂದು ಸಾಲಿನಲ್ಲಿ ಹೇಳಬೇಕು. ಈ ಕಾನೂನು ಕಾಕಾನದು. ಪ್ರಶ್ನೆಗಳ ಮಾತುಗಳನ್ನೂ ಅವರೇ ತಿದ್ದಿದರು, ಕರಡು ತಿದ್ದಿದ ಹಾಗೆ, ಕೆಂಪು ಪೆನ್ಸಿಲಿನಲ್ಲಿ. ನಲವತ್ತೊಂದರಲ್ಲಿ ಕೊನೆಗೆ ಉಳಿದದ್ದು ಐದು. ಮೇಶ್ರಾಮ್ ಬಾಯಿಯನ್ನು ಕೂರಿಸಿ ನೋಡಿದೆವು. ಯಾರನ್ನೂ ಕೂಗದೆ ಕೊನೆಯವರೆಗೆ ಹೋದರು. ಎದ್ದು ಸೆರಗು ಸರಿಮಾಡಿಕೊಂಡು, “ಆತಾ ಬರೋಬರ್” ಎಂದರು. ಈಗ ಸರಿಯಾಯಿತು. ನನಗೆ ಸಿಕ್ಕ ಪ್ರಶಸ್ತಿಗಳಲ್ಲಿ ಅದೇ ದೊಡ್ಡದು.

ಜಗಳವಾದದ್ದು ಒಂದೇ ಪ್ರಶ್ನೆಗೆ. ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಿ ಹೊಸದಾಗಿ ಹಾಕಬೇಕೆ ಎಂಬ ಪ್ರಶ್ನೆ. ಎಲ್ಲರೂ ಹೆದರಿ ಕೈ ಹಿಂದೆಗೆಯುತ್ತಿದ್ದದ್ದು ಅಲ್ಲೇ. ನಾನು ಅದನ್ನು ಕಿತ್ತುಹಾಕಿ ಐದನ್ನು ನಾಲ್ಕು ಮಾಡಿದ್ದೆ. ಅಂಗಡಿಯಿಂದ ಬಂದ ಹೊಸ ಯಂತ್ರ, ಖಾಲಿ ಡಿಸ್ಕು, ಅಳಿಸಲು ಏನಿದೆ? ಕಾಕಾ ಪಟ್ಟಿ ನೋಡಿ, ಐದನೆಯದು ಎಲ್ಲಿ ಎಂದು ಕೇಳಿದರು. ಹೇಳಿದೆ.

“ಖಾಲಿ ಐತಿ ಅಂತ ಯಾರ್ ನೋಡ್ಯಾರ್ರಿ? ರದ್ದಿ ಕಾಗದಾ ಸುಡೂ ಮುಂದ ಸೈತ ಯಾದಿ ಮಾಡಿ, ಸಾಹೇಬ್ರ ಸಹಿ ತಗೊಂಡ ಸುಡತೀವಿ.”

“ಕಾಕಾ, ಆ ಪ್ರಶ್ನೆ ಬಂದ ಕೂಡ್ಲೆ ನೀವು ಮತ್ತ ಟಿಪ್ಪಣಿ ಬರೀತೀರಿ. ಮತ್ತ ಹಿಂಗಣಾಕ್ಕೇ ಹೋಗ್ತೀರಿ. ನಾ ಯಾರಿಗಾಗಿ ಇಷ್ಟೆಲ್ಲಾ ಒದ್ದಾಡ್ಲಿಕ್ಕೆ ಹತ್ತೀನಿ?”

ನನ್ನ ದನಿ ಏರಿತ್ತು. ಕ್ಯಾಂಟೀನಿನವರು ತಿರುಗಿ ನೋಡಿದರು. ಕಾಕಾ ಪೆನ್ಸಿಲು ಜೇಬಿಗೆ ಹಾಕಿಕೊಂಡರು. “ಹೋದ್ರ ಹೋದೆ. ಕೇಳದ ಅಳಸೂ ಮಶೀನಿನ ಮುಂದ ಮಾತ್ರ ನಾ ಕುಂದ್ರಾಂಗಿಲ್ಲ. ಖಾಲಿ ಇದ್ರ ಖಾಲಿ ಐತಿ ಅನ್ಲಿ. ಏನರ ಇದ್ರ, ಏನದಾವ ಅಂತ ಹೆಸರ ತೋರಿಸ್ಲಿ. ಆಮ್ಯಾಗ ಕೇಳ್ಲಿ.” ಚಹಾ ಕುಡಿಯದೆ ಎದ್ದು ಹೋದರು.

ಎರಡು ದಿನ ಮಾತಿಲ್ಲ. ಕೊನೆಗೆ ಪರೀಕ್ಷೆಯ ಹಿಂದಿನ ದಿನ, ಮನಸ್ಸಿಲ್ಲದೆ, ಮುದುಕ ಕೂರುವುದೇ ಇಲ್ಲವೆಂದರೆ ಗತಿಯೇನು ಎಂಬ ಒಂದೇ ಕಾರಣಕ್ಕೆ, ಅವರು ಹೇಳಿದಂತೆಯೇ ಆ ಪ್ರಶ್ನೆಯನ್ನು ಮರಳಿ ಸೇರಿಸಿದೆ. ಅವರ ಮಾತಿನಲ್ಲಿ ಹುರುಳಿದೆ ಎಂದು ಒಪ್ಪಿ ಅಲ್ಲ. ಇದನ್ನು ಸ್ಪಷ್ಟವಾಗಿ ಬರೆದಿಡಬೇಕು.

ಪರೀಕ್ಷೆಯ ದಿನ ಹತ್ತೂವರೆಗೆ ಉಗ್ರಾಣದಿಂದ ಒಂದು ಯಂತ್ರ ತರಿಸಿ ಸಭಾಕೋಣೆಯಲ್ಲಿ ಇರಿಸಿದರು. ಕಾಕಾ ಒಗೆದು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಸಿಡಿಯ ಅಂಚು ಹಿಡಿದು, ಒಮ್ಮೆ ಹಣೆಗೆ ಮುಟ್ಟಿಸಿಕೊಂಡು ಒಳಗೆ ತಳ್ಳಿದರು. ನಾನು, ಸಾಹೇಬರು, ಇನ್ನಿಬ್ಬರು ಅಧಿಕಾರಿಗಳು ಗಾಜಿನ ಬಾಗಿಲಿನ ಹೊರಗೆ. ಒಂದನೆಯ ಪ್ರಶ್ನೆ ದಾಟಿತು. ಎರಡನೆಯದು ದಾಟಿತು. ಕಾಕಾ ಪ್ರತಿಯೊಂದನ್ನೂ ತುಟಿಯಾಡಿಸಿ ಓದಿ, ಒಂದೇ ಬೆರಳಿನಿಂದ ಒತ್ತುತ್ತಿದ್ದರು. ನನಗೆ ಧೈರ್ಯ ಬರತೊಡಗಿತು.

ಆಮೇಲೆ ಅವರ ಬೆರಳು ನಿಂತಿತು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಪರದೆಗೆ ಮುಖ ತಂದು ಬಹಳ ಹೊತ್ತು ಓದಿದರು. ಆಮೇಲೆ ಜೇಬಿನಿಂದ ಮಡಿಸಿದ ಒಂದು ಬಿಳಿ ಹಾಳೆ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿದರು.

“ಅಯ್ಯೋ, ಮತ್ತೆ ಟಿಪ್ಪಣೀನಾ?” ಎಂದರು ಸಾಹೇಬರು. ಅಧಿಕಾರಿಗಳಿಬ್ಬರೂ ಮುಸಿಮುಸಿ ನಕ್ಕರು. ನಾನು ಗೋಡೆಯ ಕಡೆ ತಿರುಗಿದೆ. ಹಾಳು ಪ್ರಶ್ನೆ, ಯಾಕಾದರೂ ಸೇರಿಸಿದೆನೋ ಎಂದು ಮನಸ್ಸಿನಲ್ಲೇ ಕಾಕಾನನ್ನೂ ನನ್ನನ್ನೂ ಬೈದುಕೊಂಡೆ.

ಕಾಕಾ ಹೊರಗೆ ಬಂದು ಎರಡೂ ಕೈಯಲ್ಲಿ ಹಾಳೆಯನ್ನು ಸಾಹೇಬರಿಗೆ ಕೊಟ್ಟರು. ಸಾಹೇಬರು ನಗುಮುಖದಲ್ಲೇ ಓದತೊಡಗಿದರು. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಮುಖ ಬಿಳಿಚಿತ್ತು. ‘ಈ ಯಂತ್ರದ ಡಿಸ್ಕು ಖಾಲಿ ಇರುವುದಿಲ್ಲ. ಅದರಲ್ಲಿ ಸೇವಾ ಪುಸ್ತಕ, ಪಿಂಚಣಿ, ರಜೆ ಎಂಬ ಹೆಸರಿನ ಕಡತಗಳು ತೋರುತ್ತಿವೆ. ಅಳಿಸಿದರೆ ಹಿಂದಕ್ಕೆ ಬರುವುದಿಲ್ಲವೆಂದು ಯಂತ್ರವು ತಿಳಿಸಿದೆ. ಅಳಿಸುವ ಅಧಿಕಾರ ನನಗಿಲ್ಲ. ಆದೇಶಕ್ಕಾಗಿ.’

ಅದು ಸಿಬ್ಬಂದಿ ಶಾಖೆಯ ಹಳೆಯ ಯಂತ್ರ. ಒಳಗಿನ ಫ್ಯಾನು ಕೆಟ್ಟು ದುರಸ್ತಿಗೆ ಹೋಗಿತ್ತು. ಮರಳಿ ಬಂದಾಗ ಉಗ್ರಾಣದವರು ಅದನ್ನು ಹೊಸ ಯಂತ್ರಗಳ ಸಾಲಿನಲ್ಲೇ ಇಟ್ಟಿದ್ದರು. ಬಣ್ಣವೂ ಒಂದೇ, ಆಕಾರವೂ ಒಂದೇ. ಕಚೇರಿಯ ಎಲ್ಲರ ಸೇವಾ ವಿವರಗಳನ್ನು ನಾಲ್ಕು ವರ್ಷ ಕುಳಿತು ಅದಕ್ಕೆ ಏರಿಸಿದ್ದರು. ಸಾಹೇಬರದೂ, ಕಾಕಾನದೂ, ನನ್ನದೂ. ಇನ್ನೊಂದು ಪ್ರತಿ ಎಲ್ಲಿಯೂ ಇರಲಿಲ್ಲ. ಪ್ರತಿ ತೆಗೆದಿಡಬೇಕಾದ ಕೆಲಸ ಯಾರದು ಎಂದು ಕೇಳುತ್ತೀರಾ? ನನ್ನದೇ. ಮುಂದಿನ ವಾರ, ಮುಂದಿನ ವಾರ ಎಂದು ಮುಂದೂಡುತ್ತ ಬಂದಿದ್ದೆ.

ಸಾಹೇಬರು ನನ್ನ ಕಡೆ ತಿರುಗಿದರು. “ಈ ಪ್ರಶ್ನೆ ಸೇರಿಸಿದ್ದು ನೀವೇನಮ್ಮಾ?”

ಹೂಂ ಅನ್ನಬಹುದಿತ್ತು. ನಾಲಿಗೆಯ ತುದಿಯವರೆಗೂ ಬಂದಿತ್ತು. “ಇಲ್ಲ ಸರ್. ನಾನು ತೆಗೆದುಹಾಕಿದ್ದೆ. ಕಾಕಾ ಹಟ ಹಿಡಿದು ಹಾಕಿಸಿದರು. ನನ್ನ ಮಾತೇ ನಡೆದಿದ್ದರೆ ಇಷ್ಟೊತ್ತಿಗೆ ಎಲ್ಲಾ ಅಳಿಸಿ ಹೋಗಿರುತ್ತಿತ್ತು.”

ಸಾಹೇಬರು ಹಸಿರು ಶಾಯಿಯ ಪೆನ್ನು ತೆಗೆದು, ಗೋಡೆಗೆ ಹಾಳೆ ಒತ್ತಿ ಹಿಡಿದು, ಟಿಪ್ಪಣಿಯ ಕೆಳಗೆ ಬರೆದರು: ‘ಅಳಿಸಬಾರದು.’ ಸಹಿ ಹಾಕಿ, ತಾರೀಕು ಹಾಕಿ ಕಾಕಾಗೆ ಮರಳಿಸಿದರು. ಕಾಕಾ ಅದನ್ನು ಓದಿ, ಮಡಿಸಿ ಜೇಬಿಗೆ ಇಟ್ಟುಕೊಂಡು ಕೈಗಡಿಯಾರ ನೋಡಿದರು. ಹನ್ನೊಂದೂವರೆಯಾಗಿತ್ತು.

“ಸರ, ಊಟದ ಟೈಮಿಗೆ ಇನ್ನಾ ದೀಡ ತಾಸ ಐತ್ರಿ. ಬ್ಯಾರೆ ಮಶೀನ್ ಜಲ್ದಿ ತರಸ್ರಿ.”

“ಇನ್ನೇನು ಬೇಡ ಬಿಡ್ರೀ ಮುನವಳ್ಳಿಯವರೇ, ಆಯ್ತಲ್ಲ,” ಎಂದರು ಸಾಹೇಬರು.

“ಹಂಗ ಹ್ಯಾಂಗ್ರಿ? ಪತ್ರ ಪ್ರಿಂಟಾಗಿ ನಿಮ್ಮ ಕೈಗಿ ಬರ್ಬೇಕಂತ ಅಂದಿದ್ರಿ.”

ಈ ಸಲ ಉಗ್ರಾಣಕ್ಕೆ ನಾನೇ ಹೋಗಿ, ಪೆಟ್ಟಿಗೆಯ ಅಂಟು ಬಿಚ್ಚಿಸಿ ಹೊಸ ಯಂತ್ರ ತಂದೆ. ಮತ್ತೆ ಹೊರಗೆ ನಿಂತೆ. ಆ ಪ್ರಶ್ನೆ ಬಂತು. ಡಿಸ್ಕು ಖಾಲಿ ಇದೆ ಎಂದು ಯಂತ್ರ ಹೇಳಿತು. ಕಾಕಾ ಗಾಜಿನ ಬಾಗಿಲ ಕಡೆ ತಿರುಗಿ ನನ್ನನ್ನು ನೋಡಿ, ಒಮ್ಮೆ ತಲೆಯಾಡಿಸಿ, ಹೌದು ಒತ್ತಿದರು. ಒಂದು ಗಂಟೆಗೆ ಇನ್ನೂ ಐದು ನಿಮಿಷವಿರುವಾಗ ಒಳಗಿನ ಪ್ರಿಂಟರು ಕಿರುಗುಟ್ಟಿತು. ಅವರು ಹಾಳೆ ಹಿಡಿದು ಬಂದು ಸಾಹೇಬರಿಗೆ ಕೊಟ್ಟು ಕೈಕಟ್ಟಿ ನಿಂತರು.

ಸಾಹೇಬರು ಓದಿದರು. ಮತ್ತೊಮ್ಮೆ ಓದಿದರು. ಹೊಟ್ಟೆ ಕುಣಿಯುವ ಹಾಗೆ ನಗುತ್ತ ಹಾಳೆಯನ್ನು ನನ್ನ ಕೈಗೆ ಕೊಟ್ಟರು. ಹೊಸ ಯಂತ್ರದಿಂದ ಹೊರಬಂದ ಮೊದಲ ಪತ್ರ ಅದು. ಒಂದು ಆದೇಶದ ಕರಡು: ‘ಶ್ರೀ ಮುನವಳ್ಳಿ ಇವರನ್ನು ಹಿಂಗಣಾ ದಾಖಲೆ ಗೋದಾಮಿಗೆ ನೇಮಿಸಿದ ಆದೇಶವನ್ನು ಈ ಮೂಲಕ ರದ್ದುಪಡಿಸಲಾಗಿದೆ.’ ಕೆಳಗೆ ಸಾಹೇಬರ ಹೆಸರು, ಹುದ್ದೆ, ಸಹಿಗೆ ಬಿಟ್ಟ ಜಾಗ. ಮೂಲೆಯಲ್ಲಿ ಸಣ್ಣಕ್ಷರದಲ್ಲಿ, ‘ಒಪ್ಪಿಗೆಯಾದಲ್ಲಿ ಸಹಿಗಾಗಿ ಮಂಡಿಸಲಾಗಿದೆ.’ ಸಾಹೇಬರು ನಿಂತಲ್ಲೇ ಸಹಿ ಹಾಕಿದರು.

ಅಂದು ಮಧ್ಯಾಹ್ನ ಕಾಕಾ ಟಾಚಣಿ ಡಬ್ಬಿಯನ್ನೂ ಸ್ಪಂಜಿನ ಬಟ್ಟಲನ್ನೂ ಮತ್ತೆ ಖಾನೆಯಲ್ಲಿ ಜೋಡಿಸುವಾಗ ನಾನು ಪಕ್ಕದಲ್ಲಿ ನಿಂತು, ಸಭೆಯಲ್ಲಿ ನಿಮ್ಮನ್ನು ಅಣಕಿಸಿದ್ದು ತಪ್ಪಾಯಿತು ಎಂದೆ. ಅಲ್ಲಿಯವರೆಗೆ ಅವರಿಗೆ ನಾನು ಮೇಡಮ್. ಅಂದು ಮೊದಲ ಸಲ, “ಹೋಗ್ಲಿ ಬಿಡ ತಂಗಿ,” ಎಂದರು. “ನಿನ್ನ ಮಶೀನ್ ಈಗ ಚಲೋ ಮಾತಾಡ್ತೈತಿ.” ಎರಡು ವರ್ಷದ ಮೇಲೆ ಅದೇ ಕಿಟಕಿಯ ಪಕ್ಕದ ಕುರ್ಚಿಯಿಂದಲೇ ನಿವೃತ್ತರಾದರು. ನನ್ನ ಸಿಡಿಯ ಪ್ರತಿಯೊಂದು ಹೊಸ ಆವೃತ್ತಿಯೂ ಅವರ ಕೆಂಪು ಪೆನ್ಸಿಲು ದಾಟಿಯೇ ಹೊರಗೆ ಹೋಯಿತು.

ಹುಡುಗಿಯರೇ, ಈಗ ಬೆರಳು ತಾಗಿಸಿದರೆ ತಂತ್ರಾಂಶ ಬಂದು ಕೂರುತ್ತದೆ. ಬಹಳ ಒಳ್ಳೆಯದು. ಅದಕ್ಕಾಗಿ ದುಡಿದವರಲ್ಲಿ ನಾನೂ ಒಬ್ಬಳೆಂಬ ಹೆಮ್ಮೆ ನನಗಿದೆ. ಆದರೆ ನಿಮ್ಮ ಪರದೆಯ ಮುಂದೆ ಯಾರಾದರೂ ಬೆರಳು ಎತ್ತಿ ಹಿಡಿದು ಸುಮ್ಮನೆ ಕುಳಿತರೆ, ನಗುವ ಮೊದಲು ಒಮ್ಮೆ ನೀವು ಬರೆದದ್ದನ್ನು ಓದಿ ನೋಡಿ. ಕಾಕಾನ ಎರಡೂ ಟಿಪ್ಪಣಿಗಳಿರುವ ಕಡತಕ್ಕೆ ಸಾಹೇಬರು ‘ಶಾಶ್ವತವಾಗಿ ಕಾಯ್ದಿಡತಕ್ಕದ್ದು’ ಎಂದು ಬರೆಸಿದ್ದರು. ಶಾಶ್ವತ ಕಡತಗಳು ಹೋಗುವ ಜಾಗ ಒಂದೇ. ಕಾಕಾ ಹೋಗದೆ ಉಳಿದ ಹಿಂಗಣಾಕ್ಕೆ ಅವರ ಟಿಪ್ಪಣಿ ಹೋಗಿ ಕುಳಿತಿದೆ. ಬಿಡುವಾದಾಗ ಬಸ್ಸು ಹತ್ತಿ ಹೋಗಿ ಓದಿ ಬನ್ನಿ. ಕಡತ ಕೇಳಲು ಈಗಿನ ಸಾಹೇಬರ ಅನುಮತಿ ಬೇಕಾಗುತ್ತದೆ, ಒಂದು ಟಿಪ್ಪಣಿ ಬರೆದುಕೊಂಡು ಹೋಗಿ.